ಹುಳುವಿನ ಲೆಕ್ಕ ಕಂಪ್ಯೂಟರಿಗೆ ಹೇಳಿದವರಾರು?

ಪಾವಗಡ, ಮಧುಗಿರಿ, ಶಿರಾ, ಕೊರಟಗೆರೆಗಳ ಬೆದ್ದಲು ಹೊಲಗಳಲ್ಲಿ ಕಡಲೆಕಾಯಿ ಬಿತ್ತುವುದೆಂದರೆ ಮಳೆಯೊಂದಿಗೆ ಜೂಜಾಡಿದಂತೆಯೇ. ಖರ್ಚಿನ ಬಹುಪಾಲು ಬೀಜಕ್ಕೇ ಹೋಗುತ್ತದೆ. ಒಮ್ಮೆ ಬಿತ್ತಿದ್ದು ಒಣಗಿದರೆ ಮರುಬಿತ್ತನೆಗೆ ಸಾಲವೇ ಗತಿ. ಆದ್ದರಿಂದ ಯಾವ ಮಳೆಗೆ ಬಿತ್ತಬೇಕೆಂಬುದು ಇಲ್ಲಿ ಸಂಸಾರದ ಪ್ರಶ್ನೆ.

ಈ ಪ್ರಶ್ನೆಯನ್ನು ತೊಂಬತ್ತರ ದಶಕದಲ್ಲಿ ಕಂಪ್ಯೂಟರಿನ ಮುಂದಿಟ್ಟವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಹವಾಮಾನ ವಿಜ್ಞಾನಿ ಸುಲೋಚನಾ ಗಾಡ್ಗೀಳ್ ಮತ್ತು ಪಾವಗಡ ಸೀಮೆಯ ಕೃಷಿಕ-ವಿಜ್ಞಾನಿ ಪಿ. ಆರ್. ಶೇಷಗಿರಿ ರಾವ್. ಅವರು ಬಳಸಿದ ತಂತ್ರಾಂಶ ಅಮೆರಿಕದ ಫ್ಲಾರಿಡಾ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ 'ಪಿನಟ್‌ಗ್ರೋ'. ದಿನದಿನದ ಮಳೆ, ಬಿಸಿಲು, ಉಷ್ಣತೆ ಮತ್ತು ಮಣ್ಣಿನ ಗುಣವನ್ನು ಊಡಿಸಿದರೆ ಗಿಡ ಎಂದು ಹೂ ಬಿಟ್ಟೀತು, ಕಾಯಿ ಎಷ್ಟು ಕಟ್ಟೀತು ಎಂದು ಅದು ಲೆಕ್ಕ ಹಾಕುತ್ತದೆ. ಹಿಂದಿನ ಹಲವು ವರ್ಷಗಳ ಮಳೆಯ ದಾಖಲೆ ಕೈಯಲ್ಲಿದ್ದರೆ ಒಂದೇ ಹೊಲವನ್ನು ಬೇರೆ ಬೇರೆ ದಿನಾಂಕಗಳಲ್ಲಿ ಮತ್ತೆ ಮತ್ತೆ 'ಬಿತ್ತಿ' ನೋಡಬಹುದು. ಒಂದು ಸೇರು ಬೀಜವೂ ಖರ್ಚಾಗದು!

ಬಂದ ಉತ್ತರ ಸ್ವಾರಸ್ಯಕರ. ಜೂನ್ 22ರಿಂದ ಆಗಸ್ಟ್ 17ರ ನಡುವಿನ ಬಿತ್ತನೆಯೇ ಒಳ್ಳೆಯದೆಂದಿತು ಯಂತ್ರ. ಪಂಚಾಂಗ ತೆರೆದರೆ ಇದು ಆರಿದ್ರೆಯಿಂದ ಆಶ್ಲೇಷೆಯವರೆಗಿನ ನಾಲ್ಕು ಮಳೆಗಳ ಅವಧಿ. ರೈತರು ಆಗಲೇ ಬಿತ್ತುತ್ತಿದ್ದ ಕಾಲ. ಕಾರಣವೂ ಸ್ಪಷ್ಟ. ಈ ಸೀಮೆಯ ದೊಡ್ಡ ಮಳೆ ಸೆಪ್ಟೆಂಬರ್-ಅಕ್ಟೋಬರಿನದು. ಸುಮಾರು ಮೂರೂವರೆ ತಿಂಗಳ ಟಿಎಂವಿ-2 ತಳಿಯನ್ನು ಈ ಅವಧಿಯಲ್ಲಿ ಬಿತ್ತಿದರೆ ಕಾಯಿ ತುಂಬುವ ಹೊತ್ತಿಗೆ ಆ ಮಳೆ ಒದಗುತ್ತದೆ.

ಆದರೆ ತಂತ್ರಾಂಶಕ್ಕೊಂದು ಕುರುಡಿತ್ತು. ಅದರ ಹೊಲದಲ್ಲಿ ಹುಳುವಿಲ್ಲ, ರೋಗವಿಲ್ಲ. ನಿಜವಾದ ಹೊಲದಲ್ಲೋ ಮಳೆ ಕೈಕೊಟ್ಟೊಡನೆ ಸುರುಳಿಪೂಚಿ ಎಲೆಗಳನ್ನು ಮಡಿಸಿ ತಿನ್ನತೊಡಗುತ್ತದೆ. ಜೋರು ಮಳೆ ಬಂದರೆ ಅಡಗುತ್ತದೆ. ತೇವ ಹೆಚ್ಚಾದರೆ ಎಲೆಚುಕ್ಕೆ ರೋಗ. ಎಷ್ಟು ದಿನ ಒಣಹವೆಯಿದ್ದರೆ ಹುಳು ಏಳುತ್ತದೆ, ಆಗ ಪೈರಿನ ವಯಸ್ಸೆಷ್ಟಿರಬೇಕು ಎಂಬುದು ರೈತರಿಗೆ ಗೊತ್ತಿತ್ತು. ಅವರ ಈ ತಿಳಿವಳಿಕೆಯನ್ನು 'ಹೀಗಾದರೆ ಹಾಗೆ' ಎಂಬ ನಿಯಮಗಳಾಗಿ ಬರೆದುಕೊಂಡು ಸಂಶೋಧಕರು ಲೆಕ್ಕಕ್ಕೆ ಸೇರಿಸಿದರು. 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ 1995ರಲ್ಲಿ ಬಂದ ಅವರ ಲೇಖನವೊಂದರ ಪ್ರಶ್ನೆಯೇ ಇದು: ಕಡಲೆಕಾಯಿ ರೈತನಿಗೆ ಮಳೆಯ ಮುನ್ಸೂಚನೆ ಎಷ್ಟು ನಿಖರವಾಗಿದ್ದರೆ ಸಾಕು?

ಪಿನಟ್‌ಗ್ರೋ ಇಡೀ ಹೊಲವನ್ನು ಒಂದೇ ಗಿಡವೆಂಬಂತೆ ಎಣಿಸುತ್ತದೆ. 1999ರಲ್ಲಿ ಉರಿ ವಿಲೆನ್ಸ್ಕಿ ಅಮೆರಿಕದಲ್ಲಿ ಹೊರತಂದ 'ನೆಟ್‌ಲೋಗೋ'ದಂಥ ತಂತ್ರಾಂಶಗಳ ಹಾದಿ ಬೇರೆ. ಅಲ್ಲಿ ಪರದೆಯ ಮೇಲಿನ ಪ್ರತಿ ಹುಳುವೂ ಪ್ರತ್ಯೇಕ ಜೀವಿ. ತಿನ್ನುವುದು, ಹಾರುವುದು, ಮೊಟ್ಟೆಯಿಡುವುದು, ಸಾಯುವುದು ಎಲ್ಲಕ್ಕೂ ತನ್ನದೇ ನಿಯಮ. ಸಾವಿರಾರು ಹುಳುಗಳನ್ನು ಹೀಗೆ ಬಿಟ್ಟರೆ ಹಾವಳಿ ಹೊಲದ ಯಾವ ಮೂಲೆಯಿಂದ ಹಬ್ಬುತ್ತದೆಂಬುದು ತಾನಾಗಿ ಮೂಡಿಬರುತ್ತದೆ. ಆದರೆ ಒಣಹವೆ ಎಷ್ಟು ದಿನವಿದ್ದರೆ ಹುಳು ಏಳುತ್ತದೆಂಬುದನ್ನು ಆ ಪರದೆಗೂ ಯಾರಾದರೂ ಹೇಳಿಕೊಡಲೇಬೇಕು. ಪಾವಗಡದ ಕಡೆ ಅದನ್ನು ಹೇಳಿದವರು ಹೊಲದ ಬದುವಿನ ಮೇಲೆ ನಿಂತು ಎಲೆ ಬಿಡಿಸಿ ನೋಡಿದವರು.