ಮಂಗನ ಕಾಯಿಲೆಯಲ್ಲಿ ಬಿಳಿ ರಕ್ತಕಣ ಯಾಕೆ ಇಳಿಯುತ್ತೆ?

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ಬೇಸಿಗೆಯಲ್ಲಿ ಜ್ವರ ಬಂತು ಅಂದ್ರೆ ಮೊದಲ ಪ್ರಶ್ನೆ, 'ಕಾಡಿಗೆ ಹೋಗಿದ್ರಾ?' ನಮ್ಮ ತೋಟದ ಕೆಲಸಕ್ಕೆ ಬರುವವರೊಬ್ಬರು ಹೋಗಿದ್ದರು, ಕೊಟ್ಟಿಗೆಗೆ ದರಗು ತರಲು. ಅವರ ರಕ್ತ ಪರೀಕ್ಷೆಯಲ್ಲಿ ಬಿಳಿ ಕಣ, ಪ್ಲೇಟ್‌ಲೆಟ್ ಎರಡೂ ಇಳಿದಿದ್ದವು. 'ಸೋಂಕು ಅಂದ್ರೆ ಬಿಳಿ ಕಣ ಏರ್ಬೇಕಲ್ವಾ ಮಾರಾಯ್ರೇ?' ಅಂತ ನನ್ನನ್ನು ಕೇಳಿದರು.

ಬ್ಯಾಕ್ಟೀರಿಯಾ ಸೋಂಕಿನಲ್ಲಿ ಸಾಮಾನ್ಯವಾಗಿ ಏರುತ್ತೆ. ಮಂಗನ ಕಾಯಿಲೆ ವೈರಸ್‌ನದು. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಇದು ಡೆಂಗ್ಯೂ ವೈರಸ್‌ನ ಕುಟುಂಬದ್ದೇ. ಆದರೆ ಹರಡೋದು ಸೊಳ್ಳೆಯಲ್ಲ, ಉಣುಗು.

ಇಂಥ ವೈರಸ್ ಜ್ವರಗಳಲ್ಲಿ ಬಿಳಿ ಕಣ ಇಳಿಯಲು ಮೂರು ದಾರಿಗಳಿವೆ. ಕೆಲವು ಕಣಗಳು ರಕ್ತ ಬಿಟ್ಟು ಸೋಂಕಿನ ಜಾಗಕ್ಕೆ ಹೋಗುತ್ತವೆ. ಮೂಳೆಮಜ್ಜೆಯಲ್ಲಿ ಹೊಸ ಕಣಗಳ ತಯಾರಿ ಕುಗ್ಗುತ್ತದೆ. ಇನ್ನು ಕೆಲವು ಸಾಯುತ್ತವೆ.

ಈ ಸಾವಿನಲ್ಲೂ ಬಗೆಗಳಿವೆ. ಒಂದು ಅಪಾಪ್ಟೋಸಿಸ್, ಗ್ರೀಕ್‌ನಲ್ಲಿ ಎಲೆ ಉದುರುವುದು ಅಂತ ಅರ್ಥ. ಜೀವಕೋಶ ತನ್ನ ಡಿಎನ್‌ಎಯನ್ನು ತಾನೇ ಕತ್ತರಿಸಿಕೊಂಡು, ಸಣ್ಣ ಪೊಟ್ಟಣಗಳಾಗಿ ಒಡೆಯುತ್ತೆ. ಪಕ್ಕದ ಕೋಶಗಳು ಅದನ್ನು ಸದ್ದಿಲ್ಲದೆ ನುಂಗುತ್ತವೆ. ಒಳಗಿನ ವೈರಸ್‌ಗೆ ಬೆಳೆಯಲು ಜಾಗ ಇಲ್ಲದಂತಾಗುತ್ತೆ. ಅದಕ್ಕೇ ಹರ್ಪಿಸ್ ಗುಂಪಿನ ಕೆಲವು ವೈರಸ್‌ಗಳು ಈ ಸಾವನ್ನೇ ತಡೆಯುವ ಪ್ರೋಟೀನ್ ಇಟ್ಟುಕೊಂಡಿವೆ. ಇನ್ನೊಂದು ಪೈರಾಪ್ಟೋಸಿಸ್: ಕೋಶ ಸಿಡಿದು ಉರಿಯೂತ ಹಬ್ಬಿಸುತ್ತೆ. ಎಚ್‌ಐವಿಯಲ್ಲಿ ಸಿಡಿ4 ಕೋಶಗಳು ಹೀಗೂ ನಾಶವಾಗುತ್ತವೆ. ದಡಾರದ ವೈರಸ್ ನೆನಪಿನ ಕೋಶಗಳಿಗೇ ಕೈ ಹಾಕುತ್ತೆ. ಹಳೆಯ ರೋಗಗಳ ವಿರುದ್ಧ ಗಳಿಸಿದ ರಕ್ಷಣೆಯೂ ಅದರಿಂದ ಕುಗ್ಗುತ್ತದೆ.

ಸೋಂಕು ಅಡಗಿದ ಮೇಲೂ ಸಾವು ಬೇಕು. ಹೋರಾಟಕ್ಕೆ ಹೆಚ್ಚಿದ ಟಿ ಕೋಶಗಳಲ್ಲಿ ಬಹುಪಾಲು ಸತ್ತು, ಸ್ವಲ್ಪ ಮಾತ್ರ ನೆನಪಾಗಿ ಉಳಿಯುತ್ತವೆ. ಲಸಿಕೆ ಮಾಡೋದೂ ಅದನ್ನೇ, ಕಾಯಿಲೆ ಬರುವ ಮೊದಲೇ ನೆನಪು ಉಳಿಸೋದು. ಮಂಗನ ಕಾಯಿಲೆಯ ಹಳೆಯ ಲಸಿಕೆ 2022ರಲ್ಲಿ ನಿಂತಿತು. ಈ ಕಾಯಿಲೆಗೆ ನಿರ್ದಿಷ್ಟ ಔಷಧಿಯೂ ಇಲ್ಲ. ಹಾಗಾಗಿ ಹೊಸ ಲಸಿಕೆ ನಮಗೆ ತುರ್ತಿನ ವಿಷಯ. ಪ್ರತಿ ಬೇಸಿಗೆ ಸಾವಿನ ಸುದ್ದಿ ಬಂದಾಗ ಮಾತ್ರ ನೆನೆಸಿಕೊಂಡರೆ ಸಾಲದು.

ಅಲ್ಲಿಯವರೆಗೆ ಕಾಡಿಗೆ ಹೋಗುವ ಮುನ್ನ ಆರೋಗ್ಯ ಇಲಾಖೆ ಕೊಡುವ ಡೇಪಾ ಎಣ್ಣೆ ಹಚ್ಚಿ; ಬಂದ ಮೇಲೆ ಬಿಸಿನೀರಲ್ಲಿ ಮಿಂದು, ಬಟ್ಟೆ ಒಗೆಯಿರಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ತಿಳಿಸಿ. ಜ್ವರ ಬಂದರೆ ಕಾಡಿಗೆ ಹೋಗಿದ್ದನ್ನು ವೈದ್ಯರಿಗೆ ಹೇಳಿ. ಆಸ್ಪಿರಿನ್ ನುಂಗಬೇಡಿ, ರಕ್ತಸ್ರಾವ ಹೆಚ್ಚಬಹುದು. ಜ್ವರ ಬಿಟ್ಟಿತು ಅಂತ ಕೆಲಸಕ್ಕೆ ಓಡಲೂಬೇಡಿ. ಕೆಲವರಿಗೆ ಒಂದೆರಡು ವಾರ ಬಿಟ್ಟು ಅದು ಮತ್ತೆ ಬರುತ್ತೆ, ಆಗ ತಲೆನೋವು, ನಡುಕ, ಗೊಂದಲ. ಹಾಗಾದರೆ ತಡಮಾಡದೆ ಆಸ್ಪತ್ರೆಗೆ ಹೋಗಿ.