ಟೇಬಲ್ ಗರಗಸಕ್ಕೊಂದು ಜಾರುಹಲಗೆ

ಏನಿದು, ಯಾಕೆ ಬೇಕು

ಮರವನ್ನು ಎಳೆಯುದ್ದಕ್ಕೆ ಸೀಳುವುದು ಒಂದು ಕೆಲಸ, ಎಳೆಗೆ ಅಡ್ಡಲಾಗಿ ಕೊಯ್ಯುವುದು ಇನ್ನೊಂದು. ಸೀಳುವಾಗ ಪಕ್ಕದ ಫೆನ್ಸಿಗೆ ಒತ್ತಿ ತಳ್ಳಿದರೆ ಸಾಕು. ಗಿಡ್ಡ ತುಂಡನ್ನು ಹಾಗೆಯೇ ಅಡ್ಡ ಕೊಯ್ಯಲು ಹೋದರೆ ಅದು ಓರೆಯಾಗಿ ಬ್ಲೇಡಿಗೂ ಫೆನ್ಸಿಗೂ ನಡುವೆ ಸಿಕ್ಕಿ, ತಳ್ಳುವವನ ಹೊಟ್ಟೆಗೇ ವಾಪಸ್ ಹಾರುತ್ತದೆ. ಸ್ಲೆಡ್ ಎಂದರೆ ಮರವನ್ನು ಹೊತ್ತು ಮೇಜಿನ ಮೇಲೆ ಜಾರುವ ಹಲಗೆ. ಮರ ಹಲಗೆಯ ಮೇಲೆ ಅಲುಗದೆ ಕೂತಿರುತ್ತದೆ, ಹಲಗೆಯೇ ಬ್ಲೇಡಿನ ಕಡೆಗೆ ಸಾಗುತ್ತದೆ.

ಓಟಪಟ್ಟಿ ಮತ್ತು ಹವೆ

ತಳಕ್ಕೆ 12 ಮಿ.ಮೀ. ಪ್ಲೈವುಡ್ ಸಾಕು. ಹಲಗೆಯ ಅಡಿಯಲ್ಲಿ, ಮೇಜಿನ ಸ್ಲಾಟಿನೊಳಗೆ ಓಡುವ ಎರಡು ಪಟ್ಟಿಗಳಲ್ಲೇ ನಿಜವಾದ ತಲೆನೋವು. ಹಳೆ ಮನೆ ಬಿಚ್ಚಿದಾಗ ಸಿಗುವ ಸಾಗುವಾನಿ ರೀಪು ಇದಕ್ಕೆ ಹೇಳಿ ಮಾಡಿಸಿದ್ದು. ಮರ ತೇವ ಕುಡಿದರೆ ಅಗಲಕ್ಕೆ ಉಬ್ಬುತ್ತದೆ, ಉದ್ದಕ್ಕೆ ಅಷ್ಟಾಗಿ ಇಲ್ಲ. ಜಗಳೂರಿನ ಬೇಸಿಗೆಯಲ್ಲಿ ಬಿಗಿಯಾಗಿ ಕೂರಿಸಿದ ಪಟ್ಟಿಯನ್ನು ಆಷಾಢದಲ್ಲಿ ಸೂಳೆಕೆರೆ ಅಚ್ಚುಕಟ್ಟಿನ ಊರಿಗೆ ತಂದರೆ ಸ್ಲಾಟಿನಲ್ಲಿ ಕಚ್ಚಿಕೊಳ್ಳುತ್ತದೆ. ಉಜ್ಜಿ ಕಪ್ಪಾದ ಜಾಗವನ್ನಷ್ಟೇ ಮರಳುಕಾಗದದಿಂದ ತಿಕ್ಕಿ, ಮೇಣದಬತ್ತಿ ಸವರಬೇಕು. ಎಣ್ಣೆ ಬೇಡ, ಕೆಲಸದ ಮರಕ್ಕೆ ಕಲೆ ಹತ್ತುತ್ತದೆ.

ಸ್ಲಾಟೇ ಇಲ್ಲದ ಮೇಜು

ಕಂಪನಿ ಮೇಜಿನಲ್ಲಿ ಸಾಮಾನ್ಯವಾಗಿ 19 ಮಿ.ಮೀ. ಅಗಲದ ಎರಡು ಸ್ಲಾಟು ಇರುತ್ತವೆ. ಊರಲ್ಲೇ ಆಂಗಲ್ ವೆಲ್ಡ್ ಮಾಡಿಸಿ ಮೋಟಾರು ಕೂರಿಸಿದ ಮೇಜಿನಲ್ಲಿ ಎಷ್ಟೋ ಸಲ ಒಂದೂ ಇರುವುದಿಲ್ಲ. ಆಗ ಹಲಗೆಯನ್ನು ಮೇಜಿಗಿಂತ ಅಗಲ ಮಾಡಿ, ಪಟ್ಟಿಗಳು ಮೇಜಿನ ಎರಡು ಹೊರ ಅಂಚುಗಳನ್ನು ತಬ್ಬುವಂತೆ ಕೂರಿಸಬಹುದು. ಆ ಅಂಚುಗಳು ನೆಟ್ಟಗಿದ್ದು, ಬ್ಲೇಡಿಗೆ ಸಮಾನಾಂತರವಾಗಿರಬೇಕು. ಮಾರ್ಬಲ್ ಕಟರನ್ನು ತಲೆಕೆಳಗೆ ಬಿಗಿದ ಮೇಜಿಗೆ ಮಾತ್ರ ನಾನು ಸ್ಲೆಡ್ ಮಾಡಿಕೊಡಲಾರೆ.

ಜೋಡಣೆ

ಸ್ಲಾಟಿನ ತಳಕ್ಕೆ ನಾಣ್ಯಗಳನ್ನಿಟ್ಟು, ಅವುಗಳ ಮೇಲೆ ಪಟ್ಟಿ ಇಟ್ಟರೆ ಅದು ಮೇಜಿಗಿಂತ ಕೂದಲೆಳೆ ಎತ್ತರಕ್ಕೆ ಬರುತ್ತದೆ. ಫೆವಿಕಾಲ್ ಹಚ್ಚಿ ಹಲಗೆ ಹೊರಿಸಿ, ಭಾರ ಹೇರಿ, ಒಣಗಿದ ಮೇಲೆ ಸ್ಕ್ರೂ ಹೊಡೆಯುವುದು. ಆಮೇಲೆ ಹಲಗೆಯ ಮೇಲೆ, ಆಚೆಗೊಂದು ಈಚೆಗೊಂದು, ಅಡ್ಡಲಾಗಿ ಎರಡು ಆನಿಕೆಪಟ್ಟಿ ನಿಲ್ಲಿಸುವುದು. ಆಚೆ ಬದಿಯದಕ್ಕೆ ಬ್ಲೇಡ್ ಸೀಳಿದ ಹಲಗೆ ಎರಡು ಹೋಳಾಗದಂತೆ ಹಿಡಿಯುವುದಷ್ಟೇ ಕೆಲಸ. ಮೂಲೆಮಟ್ಟ ಬೇಕಾದದ್ದು ಮರವನ್ನು ಆನಿಸುವ ನಮ್ಮ ಕಡೆಯ ಆನಿಕೆಪಟ್ಟಿಗೆ. ಅದಕ್ಕೆ ಒಂದು ತುದಿಯಲ್ಲಿ ಮಾತ್ರ ಸ್ಕ್ರೂ ಹಾಕಿ, ಇನ್ನೊಂದು ತುದಿಯನ್ನು ಕ್ಲಾಂಪಿನಲ್ಲಿ ಹಿಡಿದಿಟ್ಟುಕೊಳ್ಳಬೇಕು.

ಐದು ಕೊಯ್ತದ ಪರೀಕ್ಷೆ

ಮೂಲೆಮಟ್ಟ ಹಿಡಿದು ನೋಡಿದರೆ ಸರಿಯಾಗಿಯೇ ಕಾಣುತ್ತದೆ. ಚೌಕಟ್ಟಿನ ನಾಲ್ಕನೇ ಮೂಲೆ ಕೂಡಿಸುವಾಗ ಸಂದು ಬಾಯಿ ಬಿಡುತ್ತದೆ. ಅದಕ್ಕೇ ಈ ಪರೀಕ್ಷೆ. ಚೌಕದ ಪ್ಲೈವುಡ್ ತುಂಡಿನ ಒಂದು ಬದಿ ಕೊಯ್ದು, ಕೊಯ್ದ ಬದಿಯನ್ನೇ ಆನಿಕೆಗೆ ತಿರುಗಿಸಿ ಮುಂದಿನದನ್ನು ಕೊಯ್ಯುವುದು. ಹೀಗೆ ನಾಲ್ಕೂ ಬದಿ ಮುಗಿಸಿ ಐದನೇ ಕೊಯ್ತದಲ್ಲಿ ಒಂದು ಪಟ್ಟಿ ಬೇರ್ಪಡಿಸಿ, ಅದರ ಎರಡು ತುದಿಗಳ ಅಗಲ ಅಳೆಯಬೇಕು. 400 ಮಿ.ಮೀ. ಉದ್ದದ ಪಟ್ಟಿ ಒಂದು ತುದಿಯಲ್ಲಿ 20.8, ಇನ್ನೊಂದರಲ್ಲಿ 20.0 ಮಿ.ಮೀ. ಇತ್ತೆನ್ನಿ. ವ್ಯತ್ಯಾಸ 0.8. ತಪ್ಪು ನಾಲ್ಕು ಸಲ ಕೂಡಿಕೊಂಡಿರುವುದರಿಂದ ನಾಲ್ಕರಿಂದ ಭಾಗಿಸಿದರೆ 400ಕ್ಕೆ 0.2. ಸ್ಕ್ರೂನಿಂದ ಕ್ಲಾಂಪಿನವರೆಗೆ 600 ಮಿ.ಮೀ. ಇದ್ದರೆ ಆನಿಕೆಯನ್ನು ಅಲ್ಲಿ 0.3 ಮಿ.ಮೀ. ಸರಿಸಬೇಕು. ಬೈಕ್ ಮೆಕ್ಯಾನಿಕ್ ಹತ್ತಿರದ ಫೀಲರ್ ಗೇಜ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಜೆರಾಕ್ಸ್ ಕಾಗದದ ಮೂರು ಹಾಳೆ ಹೆಚ್ಚುಕಡಿಮೆ ಅಷ್ಟೇ ದಪ್ಪ. ಯಾವ ಕಡೆಗೆ ಎಂಬ ಗೊಂದಲವಾದರೆ ಒಂದು ಕಡೆ ಸರಿಸಿ ಮತ್ತೆ ಕೊಯ್ದು ನೋಡಿ. ವ್ಯತ್ಯಾಸ ಹೆಚ್ಚಿದರೆ ಇನ್ನೊಂದು ಕಡೆ. ಸರಿಬಂದ ಮೇಲೆಯೇ ಎರಡನೇ ಸ್ಕ್ರೂ.

ಹೆಬ್ಬೆರಳಿನ ಜಾಗ

ಹಲಗೆ ತಳ್ಳುವಾಗ ಹೆಬ್ಬೆರಳು ತಾನಾಗಿ ಆನಿಕೆಯ ಹಿಂದೆ, ನಟ್ಟನಡುವೆ ಹೋಗಿ ಕೂರುತ್ತದೆ. ಬ್ಲೇಡ್ ಹೊರಗೆ ಬರುವುದೂ ಅಲ್ಲಿಯೇ. ಆ ಜಾಗಕ್ಕೆ ದಪ್ಪ ಮರದ ತುಂಡೊಂದನ್ನು ಅಂಟಿಸಿ ಕೆಂಪು ಬಣ್ಣ ಬಳಿಯಬೇಕು. ಸ್ಕ್ರೂ ಮಾತ್ರ ಬ್ಲೇಡಿನ ದಾರಿಗೆ ಬರಕೂಡದು.