ಗರ್ಭಧಾರಣೆ ಮತ್ತು ಥೈರಾಯ್ಡ್: ಚಿಕಿತ್ಸೆಯ ಗೆರೆ ಸರಿದ ಬಗೆ

ಕುತ್ತಿಗೆಯ ಮುಂಭಾಗದಲ್ಲಿರುವ ಥೈರಾಯ್ಡ್ ಗ್ರಂಥಿ ಸೊರಗಿದ ರೋಗಿಗೆ 1891ರಲ್ಲಿ ಇಂಗ್ಲೆಂಡಿನ ಜಾರ್ಜ್ ಮರ್ರೇ ಕುರಿಯ ಥೈರಾಯ್ಡ್ ಸಾರವನ್ನು ಚುಚ್ಚುಮದ್ದಾಗಿ ಕೊಟ್ಟು ಚೇತರಿಕೆ ಕಂಡರು. 1914ರಲ್ಲಿ ಅಮೆರಿಕದ ಎಡ್ವರ್ಡ್ ಕೆಂಡಾಲ್ ಆ ಗ್ರಂಥಿಯ ಮುಖ್ಯ ಹಾರ್ಮೋನಾದ ಥೈರಾಕ್ಸಿನನ್ನು ಬೇರ್ಪಡಿಸಿದರು. ಆದರೆ ಹೊರಗೆ ಲಕ್ಷಣವೇ ತೋರದ ಸೂಕ್ಷ್ಮ ಕೊರತೆಯನ್ನು ಗುರುತಿಸಲು 1960ರ ದಶಕದವರೆಗೆ ಕಾಯಬೇಕಾಯಿತು. ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯು ಥೈರಾಯ್ಡನ್ನು ಪ್ರಚೋದಿಸಲು ಸ್ರವಿಸುವ ಟಿಎಸ್‌ಎಚ್ ಎಂಬ ಹಾರ್ಮೋನನ್ನು ರಕ್ತದಲ್ಲಿ ಅಳೆಯುವ ವಿಧಾನ ಆಗ ರೂಪುಗೊಂಡಿತು. ಥೈರಾಕ್ಸಿನ್ ತಗ್ಗಿದಂತೆ ಟಿಎಸ್‌ಎಚ್ ಏರುವುದರಿಂದ ಅದರ ಏರಿಕೆಯೇ ಕೊರತೆಯ ಸೂಚಕವಾಯಿತು.

ಈ ಕೊರತೆ ಗರ್ಭ ನಿಲ್ಲುವುದಕ್ಕೆ ಅಡ್ಡಿಯಾಗುವ ದಾರಿಯೂ ಕ್ರಮೇಣ ತಿಳಿಯಿತು. ಥೈರಾಕ್ಸಿನ್ ಸಾಲದಾದಾಗ ಮೆದುಳಿನಿಂದ ಹೊರಡುವ ಪ್ರಚೋದನೆ ಎದೆಹಾಲಿನ ಹಾರ್ಮೋನಾದ ಪ್ರೊಲ್ಯಾಕ್ಟಿನನ್ನೂ ಏರಿಸಬಲ್ಲದು; ಅದರಿಂದ ಅಂಡಾಶಯದಿಂದ ಅಂಡ ಬಿಡುಗಡೆಯಾಗುವ ಕ್ರಿಯೆ ತಪ್ಪಿ ಮುಟ್ಟು ಏರುಪೇರಾಗುತ್ತದೆ. ಅಂಥವರಲ್ಲಿ ಥೈರಾಕ್ಸಿನ್ ಮಾತ್ರೆಯೊಂದೇ ಎರಡನ್ನೂ ಹದಕ್ಕೆ ತರುವುದುಂಟು. ಆದ್ದರಿಂದ ಪ್ರೊಲ್ಯಾಕ್ಟಿನ್ ಹೆಚ್ಚಿರುವುದನ್ನು ಕಂಡೊಡನೆ ಅದನ್ನು ಇಳಿಸುವ ಔಷಧಕ್ಕೆ ಕೈಹಾಕದೆ ಮೊದಲು ಥೈರಾಯ್ಡನ್ನು ಪರೀಕ್ಷಿಸುವುದು ವಿವೇಕದ ಕ್ರಮ.

ಗರ್ಭ ನಿಂತ ಮೇಲಿನ ಚಿತ್ರವನ್ನು ಮೂರು ಅಧ್ಯಯನಗಳು ಬದಲಿಸಿದವು. ಗ್ರಂಥಿಯ ವಿರುದ್ಧ ದೇಹವೇ ಪ್ರತಿಕಾಯಗಳನ್ನು ಉತ್ಪಾದಿಸಿಕೊಂಡಿರುವ ಮಹಿಳೆಯರಲ್ಲಿ ಗರ್ಭಪಾತ ಹೆಚ್ಚೆಂದು 1990ರಲ್ಲಿ ಸ್ಟಾಗ್ನಾರೊ-ಗ್ರೀನ್ ತಂಡ ತೋರಿಸಿತು. ಕೊರತೆಗೆ ಚಿಕಿತ್ಸೆ ಪಡೆಯದ ತಾಯಂದಿರ ಮಕ್ಕಳ ಬುದ್ಧಿಸೂಚ್ಯಂಕ ಸರಾಸರಿ 7 ಅಂಕ ಕಡಿಮೆಯೆಂದು 1999ರಲ್ಲಿ ಹ್ಯಾಡೊ ತಂಡ ವರದಿ ಮಾಡಿತು. ಮೊದಲೇ ಮಾತ್ರೆ ಸೇವಿಸುತ್ತಿದ್ದವರಿಗೆ ಗರ್ಭದ ಐದನೆಯ ವಾರದಲ್ಲೇ ಹೆಚ್ಚಿನ ಪ್ರಮಾಣ ಬೇಕಾಗಬಹುದೆಂದು 2004ರಲ್ಲಿ ಅಲೆಕ್ಸಾಂಡರ್ ತಂಡ ಕಂಡುಕೊಂಡಿತು. ಭ್ರೂಣದ ಸ್ವಂತ ಗ್ರಂಥಿ ಕೆಲಸ ಆರಂಭಿಸುವುದು ಸುಮಾರು 12ನೆಯ ವಾರದಲ್ಲಿ. ಅಲ್ಲಿಯವರೆಗೆ ತಾಯಿಯ ಹಾರ್ಮೋನೇ ಅದಕ್ಕೆ ಆಧಾರ.

ಇವುಗಳ ಹಿನ್ನೆಲೆಯಲ್ಲಿ 2011ರ ಅಮೆರಿಕದ ಮಾರ್ಗಸೂಚಿ ಮೊದಲ ಮೂರು ತಿಂಗಳಲ್ಲಿ ಟಿಎಸ್‌ಎಚ್ ಲೀಟರಿಗೆ 2.5 ಮಿಲಿಯೂನಿಟ್ ಮೀರಬಾರದೆಂದಿತು. ಆರೋಗ್ಯವಂತರಾದ ಎಷ್ಟೋ ಮಹಿಳೆಯರು ಇದರಿಂದ ರೋಗಿಗಳ ಪಟ್ಟಿಗೆ ಸೇರಿದರು. ಸಂತಾನಕ್ಕಾಗಿ ಕಾಯುತ್ತಿರುವವರ ಮನಸ್ಸಿನ ಮೇಲೆ ಇಂಥ ಒಂದು ಅಂಕಿ ಹೇರುವ ಭಾರವನ್ನು ಹಗುರವೆಂದು ಎಣಿಸಲಾಗದು. 2012 ಮತ್ತು 2017ರ ದೊಡ್ಡ ಪ್ರಯೋಗಗಳಲ್ಲಿ ಸೌಮ್ಯ ಕೊರತೆಗೆ ಕೊಟ್ಟ ಚಿಕಿತ್ಸೆಯಿಂದ ಮಕ್ಕಳ ಬುದ್ಧಿಮತ್ತೆಯಲ್ಲಿ ಲಾಭ ಕಾಣಲಿಲ್ಲ. ಅಲ್ಲಿ ಮಾತ್ರೆ ಆರಂಭವಾದದ್ದು ಮೊದಲ ತ್ರೈಮಾಸಿಕ ಮುಗಿಯುವ ಹೊತ್ತಿಗೆ ಅಥವಾ ಆನಂತರ ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ 2019ರ ಬ್ರಿಟಿಷ್ ಪ್ರಯೋಗದಲ್ಲಿ, ಪ್ರತಿಕಾಯಗಳಿದ್ದೂ ಟಿಎಸ್‌ಎಚ್ ಸರಿಯಿದ್ದ 952 ಮಹಿಳೆಯರಲ್ಲಿ ಒಂದು ಗುಂಪಿಗೆ ಗರ್ಭಧಾರಣೆಗೆ ಮುನ್ನವೇ 50 ಮೈಕ್ರೋಗ್ರಾಂ ಮಾತ್ರೆ ಕೊಟ್ಟಾಗಲೂ ಜೀವಂತ ಜನನದ ಪ್ರಮಾಣ ಶೇಕಡಾ 37.4ರಷ್ಟೇ ಇತ್ತು. ಹುಸಿಮಾತ್ರೆಯ ಗುಂಪಿನಲ್ಲಿ ಅದು 37.9.

ಸ್ಥಳೀಯ ಮಾನದಂಡ ಇಲ್ಲದ ಕಡೆ ಗರ್ಭದ ಆರಂಭದಲ್ಲಿ ಮೇಲ್ಮಿತಿ ಸುಮಾರು 4 ಎಂದು 2017ರ ಪರಿಷ್ಕೃತ ಮಾರ್ಗಸೂಚಿ ಗೆರೆಯನ್ನು ಸರಿಸಿತು. ಆದರೂ 2.5 ಪೂರ್ತಿ ಮರೆಯಾಗಲಿಲ್ಲ: ಈಗಾಗಲೇ ಮಾತ್ರೆ ಸೇವಿಸುತ್ತ ಗರ್ಭಕ್ಕೆ ಸಿದ್ಧರಾಗುವವರಿಗೂ, ಸೌಮ್ಯ ಕೊರತೆಯಿದ್ದು ಪ್ರನಾಳ ಶಿಶು ಚಿಕಿತ್ಸೆಗೆ ಹೋಗುವವರಿಗೂ ಅದೇ ಗುರಿ ಉಳಿದಿದೆ. ಸ್ಪಷ್ಟ ಕೊರತೆಯಿದ್ದವರು ಗರ್ಭಕ್ಕೆ ಮುನ್ನವೇ ಚಿಕಿತ್ಸೆ ಪಡೆಯಬೇಕೆಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ. ಅವರು ಗರ್ಭ ನಿಂತೊಡನೆ ವೈದ್ಯರ ಸಲಹೆಯಂತೆ ಪ್ರಮಾಣ ಹೆಚ್ಚಿಸಿಕೊಂಡು, ಗರ್ಭದ ಅರ್ಧಾವಧಿಯವರೆಗೆ ಸುಮಾರು ನಾಲ್ಕು ವಾರಕ್ಕೊಮ್ಮೆ ರಕ್ತಪರೀಕ್ಷೆ ಮಾಡಿಸಿಕೊಳ್ಳುವುದೂ, ಕಬ್ಬಿಣ ಮತ್ತು ಕ್ಯಾಲ್ಸಿಯಂ ಮಾತ್ರೆಗಳನ್ನು ಥೈರಾಕ್ಸಿನ್‌ನಿಂದ ನಾಲ್ಕು ಗಂಟೆ ದೂರವಿಡುವುದೂ ಈಗಿನ ರೂಢಿ.